ಒಂದು ಕಳೆದು ಓದಬೇಕು

ಎಂಬತ್ತೆಂಟರ ಫೋರ್ಡ್ ಪಿಕಪ್ಪು. ಒಂದು ಕಾಲಕ್ಕೆ ನೀಲಿ.
ಹಿಂದೆ ಹನ್ನೆರಡು ಜೇನುಪೆಟ್ಟಿಗೆ, ಮುಂದೆ ಆರಿನ್ ಹೌಗ್‌ಲಂಡ್,
ಸೀಟಿನ ಮೇಲೆ ಅವನ ಮಾತಿಗೆ ಬದಲು ಒಂದು ಚೀಟಿ:
"ಬೆಳಿಗ್ಗೆ ಏಳಲ್ಲ. ಏರಿನಲ್ಲಿ ಸತ್ತ ಹಾಗೆ."

ನಾರ್ತ್ ಡಕೋಟದಲ್ಲಿ ಏರೆಲ್ಲಿ ಎಂದು ನಗಬೇಡಿ.
ಒಂದಿದೆ, ಹೊಳೆ ದಾಟಿ ಮೇಲೆ ಬರುವಲ್ಲಿ.
ಖಾಲಿ ಗಾಡಿಗೆ ಅದು ಏರೇ ಅಲ್ಲ.
ಜೇನು ತುಂಬಿದಾಗ ಗೊತ್ತಾಗುತ್ತದೆ.

ಮೊದಲು ಮಾಡಿದ್ದು ತಪ್ಪು, ಹೇಳಿಬಿಡುತ್ತೇನೆ.
ಪ್ಲಗ್ಗು ಎಂಟು, ವೈರು ಎಂಟು,
ಡಿಸ್ಟ್ರಿಬ್ಯೂಟರಿನ ಮುಚ್ಚಳ, ಪೆಟ್ರೋಲಿನ ಫಿಲ್ಟರು,
ಒಟ್ಟು ನೂರ ನಲವತ್ತು ಡಾಲರು.
ಆರಿನ್ ಎಣಿಸಿ ಕೊಟ್ಟ. ಎರಡು ನೋಟಿಗೆ ಮೇಣ ಅಂಟಿತ್ತು.
ಮರುದಿನ ಅದೇ ಏರು, ಅದೇ ಬೇಲಿಗೂಟದ ಪಕ್ಕ
ಮೂರರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ.
ಹಿಂದೆ ಶಾಲೆಯ ಬಸ್ಸು ಹಾರ್ನು ಹೊಡೆಯದೆ ಕಾದಿತ್ತಂತೆ.
ನಮ್ಮೂರಲ್ಲಿ ಅದೂ ಬೈಗುಳವೇ.

ಲೂವರ್ನ್ ಸತ್ತಾಗ ಹರಾಜಿನಲ್ಲಿ ಕೊಂಡದ್ದು,
ಎರಡು ಡಾಲರಿಗೆ, ಒಂದು ಕಾಫಿ ಡಬ್ಬದ ತುಂಬ ನಟ್ಟಿನ ಜೊತೆ,
ಆ ವ್ಯಾಕ್ಯೂಮ್ ಗೇಜನ್ನು ಹುಡುಕಿ ತೆಗೆದೆ.
ಎಂಜಿನ್ನಿಗೆ ಕೊಳವೆ ಸಿಕ್ಕಿಸಿ
ಸುಮ್ಮನೆ ಓಡಲು ಬಿಟ್ಟೆ: ಹದಿನೆಂಟು. ಮುಳ್ಳು ಅಲುಗಲಿಲ್ಲ.
ಆಕ್ಸಿಲರೇಟರು ಒತ್ತಿ ಹಾಗೇ ಹಿಡಿದೆ.
ಹದಿನೈದು.
ಹನ್ನೆರಡು.
ಒಂಬತ್ತು.
ಊಟವಾದ ಮೇಲೆ ಕುರ್ಚಿಯಲ್ಲಿ ಕೂತವನ ಗದ್ದ
ಎದೆಗೆ ಇಳಿಯುವ ಹಾಗೆ.

ಗಾಳಿ ಬಂತೇ, ಎಣ್ಣೆ ಬಂತೇ, ಕಿಡಿ ಬಂತೇ,
ಒಳಗೆ ಹೋಗುವುದನ್ನಷ್ಟೇ ವಿಚಾರಿಸಿಕೊಂಡಿದ್ದೆ.
ಉಸಿರು ಬಿಡಲಾಗದವನಿಗೆ
ಕೂರಿಸಿ ಇನ್ನೂ ಬಡಿಸಿದ್ದೆ.

ಗಾಡಿಯ ಕೆಳಗೆ ಮಲಗಿ ಬೆರಳ ಗೆಣ್ಣಿನಿಂದ ತಟ್ಟಿದೆ.
ಸೈಲೆನ್ಸರಿನ ಪೈಪು ನೆಟ್ಟಗಿದೆ, ತೂತಿಲ್ಲ, ತಗ್ಗಿಲ್ಲ,
ನೋಡಿದರೆ ಇನ್ನೂ ಹತ್ತು ವರ್ಷಕ್ಕೆ ಸಾಕು.
ಗರಗಸ ಇಟ್ಟೆ.
ಪೈಪಿನೊಳಗೆ ಇನ್ನೊಂದು ಪೈಪು!
ಸದ್ದು ಹೊರಗೆ ಕೇಳದಿರಲೆಂದು ಯಾರೋ ಜಾಣರು ಇಟ್ಟದ್ದು
ಒಳಗೊಳಗೇ ಕುಸಿದು, ಮುದುರಿ,
ಉಳಿದ ದಾರಿ ಪೆನ್ಸಿಲ್ಲಿನಷ್ಟು.
ಅದರಲ್ಲೇ ಎಂಟು ಸಿಲಿಂಡರಿನ ಹೊಗೆ
ಸರದಿಯಲ್ಲಿ ನಿಂತು ಬರಬೇಕಿತ್ತು.

ಹದಿನೇಳು ವರ್ಷದ ಪರಿಚಯ.
ಆರಿನ್ ಉಸಿರೆತ್ತಿದ್ದು ನಾನು ಕಂಡಿಲ್ಲ,
ಹೆಂಡತಿ ಬಿಸ್ಮಾರ್ಕಿಗೆ ಹೋದಾಗಲೂ,
ಹೋದವಳು ವಾಪಸು ಬಂದಾಗಲೂ.
ಕೊಯ್ದ ತುಂಡನ್ನು ಬೆಳಕಿಗೆ ಹಿಡಿದು
ಒಂದೇ ಕಣ್ಣಿಂದ ನೋಡಿದ. ಬಹಳ ಹೊತ್ತು ನೋಡಿದ.
ಆಮೇಲೆ,
"ಚಳಿಗಾಲಕ್ಕೆ ಗೂಡಿನ ಬಾಗಿಲು
ನಾನೂ ಇಷ್ಟಕ್ಕೇ ಇಳಿಸುವುದು, ಮಾರ್ಲಿಸ್.
ಆದರೆ ಮೇಲೆ ಒಂದು ತೂತು ಬಿಡುತ್ತೇನೆ.
ಚಳಿಗೆ ಸಾಯುವುದಿಲ್ಲ ಅವು.
ತಮ್ಮದೇ ಉಸಿರಿನ ತೇವ ಮೇಲಿಂದ ತೊಟ್ಟಿಕ್ಕಿ ಸಾಯುತ್ತವೆ."

ಅಷ್ಟು ಹೇಳಿ ಗಲ್ಲ ಕೆಂಪಾಗಿ
ಟೈರು ನೋಡುತ್ತ ನಿಂತ.
ನಾನೂ ಟೈರು ನೋಡಿದೆ.

ಬೆಳಿಗ್ಗೆ ಏಳದ ಕಾಯಿಲೆ ಬೇರೆ.
ಅದೂ ಸಿಕ್ಕಿತು: ಪಂಪಿನ ಕವಾಟ ಸೋರಿ
ರಾತ್ರಿಯೆಲ್ಲ ಪೆಟ್ರೋಲು ಟ್ಯಾಂಕಿಗೆ ಹಿಂತಿರುಗುತ್ತದೆ.
ಹೊಸ ಪಂಪು ಹಾಕೋಣ ಅಂದೆ.
ಬೇಡ ಎಂದು ತಲೆಯಾಡಿಸಿದ.
ಎರಡು ಸಲ ಕೀ ತಿರುಗಿಸಿ, ಕಾದು, ಆರಿಸಿ,
ಮೂರನೆಯ ಸಲ ಎಬ್ಬಿಸುವುದು ಅವನಿಗೆ ಅಭ್ಯಾಸ.
ಪಂಪು ಗುಂಯ್ ಎನ್ನುವಷ್ಟು ಹೊತ್ತು
ಟೋಪಿ ಸರಿಮಾಡಿಕೊಳ್ಳುತ್ತಾನೆ.

ಬಿಲ್ಲಿನಲ್ಲಿ ನೂರ ನಲವತ್ತು ಹೊಡೆದು ಹಾಕಿದೆ.
ಗೇಜನ್ನು ಒರೆಸಿ ಡಬ್ಬಕ್ಕೆ ಹಾಕುವಾಗ ನೋಡುತ್ತೇನೆ,
ಯಾವುದಕ್ಕೂ ಸಿಕ್ಕಿಸದೆಯೂ
ಮುಳ್ಳು ಸೊನ್ನೆಗೆ ಬಂದಿಲ್ಲ. ಒಂದರ ಮೇಲೆ ನಿಂತಿದೆ.
ಲೂವರ್ನನ ಕಾಲದಿಂದಲೂ ಹಾಗೇ ಅಂತೆ.