ಹಿಟ್ಟಿನ ಲೆಕ್ಕ

ಗುಂಡಿ ಒತ್ತಿದರೆ ಒಂದು ಗುರು, ಎರಡು ಲಘು.
ಬೀ...ಪ್. ಬಿಪ್. ಬಿಪ್.
ಗಣ ಸರಿಯಾಗಿದೆ, ಪದ್ಯ ಮೇಲೇಳುತ್ತಿಲ್ಲ.
ಪರದೆ ಕಪ್ಪು.

ಕುತೈಸಿಯ ಔಷಧಿ ಅಂಗಡಿಯ ಪಕ್ಕ
ಏಳು ಮೆಟ್ಟಿಲಿಳಿದರೆ ನನ್ನ ನೆಲಮಾಳಿಗೆ.
ಮೇಲೆ ಮನುಷ್ಯರಿಗೆ ಮಾತ್ರೆ,
ಕೆಳಗೆ ಇವುಗಳಿಗೆ ಸ್ಕ್ರೂಡ್ರೈವರು.

ರೊಟ್ಟಿ ಒಲೆಯ ತ್ಸಿಯಾಲಾ ಇದನ್ನು ಸೊಂಟಕ್ಕೊತ್ತಿ ತಂದಳು,
ನಾದಿದ ಹಿಟ್ಟಿಗೆ ಮುಚ್ಚುವ ಹಾಗೆ
ಮೇಲೊಂದು ಒದ್ದೆ ಬಟ್ಟೆ ಮುಚ್ಚಿ.
ಮೊದಲು ಆ ಬಟ್ಟೆ ತೆಗಿ ಮಾರಾಯ್ತಿ, ಎಂದೆ.

ಬಿಚ್ಚಿದರೆ ಒಳಗೆಲ್ಲ ಹಿಟ್ಟು.
ಹನ್ನೊಂದು ವರ್ಷದ್ದು. ಫ್ಯಾನಿನ ರೆಕ್ಕೆಗೆ ಮೆತ್ತಿ,
ಬಿಸಿಗೆ ಕೆಂಪಾಗಿ, ಅಂಚಿನಲ್ಲಿ ಕೊಂಚ ಗರಿಗರಿ.
ಇನ್ನೊಂದು ಚಳಿಗಾಲ ಕಳೆದಿದ್ದರೆ
ಮುರಿದು ತಿನ್ನಬಹುದಿತ್ತು.

ಬ್ರಷ್ಷಿನಲ್ಲಿ ಗುಡಿಸಿದೆ. ಮೆಮೊರಿಯ ಪಟ್ಟಿ ಕಿತ್ತು
ಅದರ ಹಳದಿ ಹಲ್ಲುಗಳನ್ನು
ಶಾಲೆ ಮಕ್ಕಳ ರಬ್ಬರಿನಿಂದ ತಿಕ್ಕಿದೆ.
(ಅಳಿಸುವ ವಸ್ತುವಿನಿಂದಲೇ ನೆನಪು ಮರಳುವುದು,
ಇದನ್ನು ಯಾರಿಗೂ ವಿವರಿಸಲು ಹೋಗಿಲ್ಲ.)
ಪರದೆ ಬೆಳಗಿತು. ಬೆಳಗಿ ಹೇಳಿತು:
ಡಿಸ್ಕ್ ಇಲ್ಲ.

ಇದೆ. ಕಿವಿಯಿಟ್ಟರೆ ಟಿಕ್, ಟಿಕ್,
ಬಾಗಿಲು ಮರೆತವನು ಗೋಡೆ ತಟ್ಟುವ ಹಾಗೆ.

ಏನಿದೆ ಇದರಲ್ಲಿ?
"ಬೀದಿಗೆ ಬೀದಿಯ ಸಾಲ. ಪುಸ್ತಕದಲ್ಲಿ ಬರೀತಿದ್ದೆ.
ಸೋದರಳಿಯ ಬಂದ, ಕಾಲ ಬದಲಾಯ್ತು ಅಂದ,
ಪುಸ್ತಕ ಒಲೆಗೆ ಹೋಯ್ತು."
ನಕಲು ಇಟ್ಟಿದ್ದೀಯಾ?
"ಇಟ್ಟಿದ್ದೇನೆ."
ಎಲ್ಲಿ?
"ಅದರೊಳಗೇ."

ಕೊಟ್ಟವಳು ಕೋಡಂಗಿ ಎಂಬ ಮಾತು
ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಯಾವುದೂ ಅಳಿದಿಲ್ಲ, ಎಂದು ಸಮಾಧಾನ ಹೇಳಿದೆ.
ಮನೆಗಳಿವೆ, ವಿಳಾಸ ಹೋಗಿದೆ.
ಬೀದಿಗಳ ಹೆಸರೆಲ್ಲ ಬದಲಾದ ವರ್ಷ
ಅಂಚೆಯ ವಾಝಾ ಚೀಲ ಹೊತ್ತು ಅಲೆದನಲ್ಲ,
ಹಾಗೆ ಅಲೆಯಬೇಕು.
ಮೂಳೆಮುರಿದವರನ್ನು ನಡೆಸುವಷ್ಟು ನಿಧಾನ.

ಮೂವತ್ತೊಂದು ಗಂಟೆ ಓದಿಸಿದೆ.
ಓದಲಾರೆನೆಂದ ಕಡೆ ಬಿಟ್ಟು ಮುಂದೆ,
ಮತ್ತೆ ಹಿಂದಿನಿಂದ, ಓಲೈಸುತ್ತ, ಗದರುತ್ತ,
ಒಂದೇ ಸಾಲನ್ನು ಹದಿನಾರು ಸಲ ಕೇಳುತ್ತ.
ಕರೆಂಟು ಎರಡು ಸಲ ಮಿಣುಕಿತು;
ಎರಡು ಸಲವೂ ಎದೆ ಬಾಯಿಗೆ ಬಂತು.
ಫ್ರೀಜರಿನಲ್ಲಿಡು ಎಂದ ಪಕ್ಕದ ಓಮಾರಿ.
ಮೀನಿಗೆ ಸರಿ, ಎಂದೆ.

ಬಂದವು. ನಾಲ್ಕು ಸಾವಿರ ಕಡತ,
ಒಂದಕ್ಕೂ ಹೆಸರಿಲ್ಲ, ಬರೀ ಅಂಕಿ,
ಕೈದಿಗಳ ಹಾಗೆ ಸಾಲಾಗಿ.
ಒಲೆಯ ಫೋಟೊ, ಒಲೆಯ ಫೋಟೊ, ಯಾರದೋ ಮದುವೆ,
ಮೇಜಿನ ಕೆಳಗೆ ಮಲಗಿದ ಕಂದು ನಾಯಿ.
ಕೊನೆಗೆ ಸಾಲದ ಪಟ್ಟಿ:
ಹೆಸರುಗಳ ಕಂಬಸಾಲು ಪೂರ್ತಿ ಉಳಿದಿದೆ,
ಮೊತ್ತವಿದ್ದಲ್ಲಿ ಬರೀ ಚೌಕ, ಚೌಕ, ಚೌಕ.

ಹದಿನೇಳನೆಯ ಸಾಲು: ಗುಗುಲಿ.
ನನ್ನ ಅಮ್ಮ.
ಸತ್ತು ನಾಲ್ಕು ವರ್ಷ. ಒಂದು ದಿನವೂ
ಸಾಲಕ್ಕೆ ತಿಂದವಳಲ್ಲ ಎಂದು ಊರಿಗೇ ಸಾರಿದ್ದವಳು.
ರಾತ್ರಿ ಎರಡೂವರೆ. ಬೆರಳು ಒಂದು ಗುಂಡಿಯ ಮೇಲಿತ್ತು.
ಅಳಿಸಿದರೂ ಅಳಿಯುವುದಿಲ್ಲವೆಂದು
ಈ ಊರಿನಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿಲ್ಲ.

ಬೆಳಿಗ್ಗೆ ತ್ಸಿಯಾಲಾ ಬಂದು ಕನ್ನಡಕವಿಲ್ಲದೆ,
ಪರದೆಗೆ ಬೆರಳೂರಿ, ಜೋರಾಗಿ ಓದಿದಳು.
ಹದಿನಾರು. ಹದಿನೆಂಟು.
ನಡುವೆ ಬೆರಳು ಒಂದು ಕ್ಷಣ
ಆ ಸಾಲಿನ ಮೇಲೆ ಅಡ್ಡ ಕೂತಿತ್ತು.

"ಹೆಸರು ಸಾಕು," ಎಂದಳು,
"ಎಷ್ಟೆಂದು ಅವರಿಗೆ ಗೊತ್ತಿರುತ್ತೆ.
ನಿನಗೆಷ್ಟು ಕೊಡಲಿ?"
ಬರೆದಿಟ್ಟುಕೋ, ಎಂದೆ.
ಚೀಲದಿಂದ ಗೆರೆ ಹಾಕಿದ ಹೊಸ ಪುಸ್ತಕ ತೆಗೆದಳು,
ಪೆನ್ಸಿಲು ನೆಕ್ಕಿದಳು.

ಪಟ್ಟಿಗೆ ಎರಡು ನಕಲು ಮಾಡಿ ಕೊಟ್ಟಿದ್ದೆ,
ಬೇರೆ ಬೇರೆ ಕಡೆ ಇಡು, ಹಿಟ್ಟಿನಿಂದ ದೂರ, ಎಂದು
ಮೂರು ಸಲ ಹೇಳಿ.
ಎರಡೂ ಮೆಕ್ಕೆಜೋಳದ ಹಿಟ್ಟಿನ ಡಬ್ಬಿಯಲ್ಲಿವೆಯೆಂದು
ನಿನ್ನೆ ಗೊತ್ತಾಯಿತು.