ಆರುನೂರ ಒಂಬತ್ತರಿಂದ ಆರುನೂರ ನಲವತ್ತು

ಶಿಡ್ಲಘಟ್ಟ. ಗೂಡಿನ ಮಾರುಕಟ್ಟೆ ಹಿಂದಿನ ರೂಮು,
ಮೇಲೆ ಸಿಮೆಂಟು ಶೀಟು. ಗುರುವಾರ, ಸಂಜೆ ಏಳು.
ಬೆಂದ ಹುಳುವಿನ ವಾಸನೆ ಕಿಟಕಿ ಹಾಕಿದರೂ
ಒಳಗೇ ಕೂತಿರುತ್ತದೆ, ಏಳನೆಯವರ ಹಾಗೆ.
ನಾವು ಆರು ಜನ. ಪುಸ್ತಕ ಒಂದು.

ಮಾಸ್ಕೋದಲ್ಲಿ ಅಚ್ಚಾಗಿ, ಎಂದೋ ಒಂದು ವ್ಯಾನಿನಲ್ಲಿ ಬಂದು
ಚೌಡರೆಡ್ಡಿ ಮೇಷ್ಟ್ರಿಗೆ ಹದಿನಾಲ್ಕು ರೂಪಾಯಿಗೆ ಸಿಕ್ಕಿದ್ದು.
ದ್ಯಾವಪ್ಪ ಅದನ್ನು ಗೂಡಿನ ಕಾಟಾ ಮೇಲಿಟ್ಟು ನೋಡಿದ:
ಒಂದು ಕೇಜಿ ಇನ್ನೂರು.
"ಗೂಡಾಗಿದ್ರೆ ಆರ್ನೂರಾದ್ರೂ ಬರ್ತಿತ್ತು ಸಾ."
ವಾರಕ್ಕೆ ಹತ್ತು ಪುಟ, ಸರದಿ ಪ್ರಕಾರ, ಗಟ್ಟಿಯಾಗಿ.

ಮೊದಲು ಸೋತದ್ದು ಹೆಸರುಗಳಿಗೆ.
ಇರುವವನು ಒಬ್ಬನೇ; ಅಮ್ಮ ಕರೆಯುವುದೊಂದು, ಕಚೇರಿಯಲ್ಲೊಂದು,
ನಡುವೆ ಬಾಲ ಹಚ್ಚಿದ ಅಪ್ಪನ ಹೆಸರು.
ಮೇಷ್ಟ್ರು ಗೋಡೆಗೆ ಪಟ್ಟಿ ಅಂಟಿಸಿದರು.
"ನಂದೂ ಸೇರಿಸ್ಕೊಳ್ಳಿ" ಅಂದ ದ್ಯಾವಪ್ಪ,
"ರೇಷನ್ ಕಾರ್ಡಲ್ಲಿ ದ್ಯಾವಪ್ಪ, ಇಲ್ಲಿ ಕಾಟಾ ದ್ಯಾವಣ್ಣ,
ಮನೇಲಿ ಚಿನ್ನೋಡು. ಸಾಲದವರು ಕರೆಯೋದು ಬೇಡ ಬಿಡಿ."

ಮೂರು ವೆರ್ಸ್ತ ಎಂದರೆ, ಮೇಷ್ಟ್ರು ಬಳಪ ಹಿಡಿದು,
ಇಲ್ಲಿಂದ ಹಂಡಿಗನಾಳ.
ಅಷ್ಟು ದೂರ ಹಿಮದಲ್ಲಿ ನಡೆದವನ ಬಗ್ಗೆ
ಆಮೇಲೆ ಯಾರೂ ಹಗುರಾಗಿ ಮಾತಾಡಲಿಲ್ಲ.

ಸಮೋವಾರ್ ಎಂಬಲ್ಲಿ ನಾನು ತಡವರಿಸಿದೆ.
ಖಮರುನ್ನೀಸಾ, ಬಿಸಿನೀರಿಗೆ ಬೆಳ್ಳಗಾದ ಬೆರಳೆತ್ತಿ:
"ಅರೆ, ನಮ್ಮ ನಾನೀದಿತ್ತಲ್ಲ, ಸಮಾವಾರ್!
ಮದುವೆ ಚಾ ಅದರಲ್ಲೇ."
ಅವತ್ತಿನಿಂದ ರಷ್ಯಾ
ಅವಳ ನಾನಿಯ ಓಣಿಯ ಆಚೆ ತುದಿಗೆ ಬಂತು.

ಅರವತ್ತೊಂದನೆಯ ಗುರುವಾರ.
ಆರುನೂರ ಎಂಟರ ಕೊನೆಯ ಸಾಲಿನಲ್ಲಿ
ಮಕ್ಕಳಿಗೆ ಪಾಠ ಹೇಳುವವಳು
ಕೈಗವಸು ಹುಡುಕುತ್ತಾ ಮೆಟ್ಟಿಲಿಳಿಯುತ್ತಿದ್ದಳು.
ತಿರುವಿದರೆ ಆರುನೂರ ನಲವತ್ತೊಂದು.
ಬೇಸಿಗೆ. ಬೇರೆ ಯಾರದೋ ಊಟ.
ಲೆಕ್ಕ ಬರೆಯುವ ಇಮ್ತಿಯಾಜ್ ಹೊಲಿಗೆ ತಡವಿ ನೋಡಿದ:
"ಯಾರೂ ಹರಿದಿಲ್ಲ. ಕಟ್ಟುವಾಗಲೇ ಎರಡು ಫಾರಂ ಬಿಟ್ಟಿದ್ದಾರೆ."
ಉಳಿದ ಇನ್ನೂರ ಎಪ್ಪತ್ತು ಪುಟ ಓದಿದೆವು.
ಒಬ್ಬರೂ ಅವಳ ಹೆಸರೆತ್ತಲಿಲ್ಲ.

ಪುಸ್ತಕ ಮುಗಿಯಿತು, ಗುರುವಾರ ಮುಗಿಯಲಿಲ್ಲ.
"ಬಸುರಿ" ಎಂದಳು ಹೆರಿಗೆ ವಾರ್ಡಿನ ಅಲಿವೇಲಮ್ಮ,
"ಮೆಟ್ಟಿಲಿಳಿಯೋ ರೀತೀನೇ ಹೇಳುತ್ತೆ, ಮೂರು ತಿಂಗಳು."
ಮೇಷ್ಟ್ರು ಅವಳನ್ನು ಕ್ಷಯಕ್ಕೆ ಕೊಟ್ಟರು.
ಇಮ್ತಿಯಾಜ್ ಹನ್ನೊಂದು ತಿಂಗಳ ಸಂಬಳ ಬಾಕಿ ತೋರಿಸಿ,
ಆರು ಬೆಳ್ಳಿ ಚಮಚ ಕದ್ದು ಓಡಿದಳು, ಲೆಕ್ಕ ಚುಕ್ತಾ ಎಂದ.
ದ್ಯಾವಪ್ಪ ಒಂದೇ ಸಂಜೆಯಲ್ಲಿ
ಕುದುರೆ ನೋಡಿಕೊಳ್ಳುವವನಿಗೆ ಮದುವೆ ಮಾಡಿಸಿ
ಊಟವನ್ನೂ ಹಾಕಿಸಿದ.
ಖಮರುನ್ನೀಸಾ ಎರಡು ವಾರ ಬಾಯಿಬಿಡಲಿಲ್ಲ. ಮೂರನೆಯದಕ್ಕೆ:
"ಎಲ್ಲಿ ಹೋಗ್ತಾಳೆ? ಕೈಗವಸು ಸಿಕ್ಕಿಲ್ಲವಲ್ಲ.
ಹುಡುಕ್ತಾ ಇದಾಳೆ."

ನಾನು ಪೋಸ್ಟಾಫೀಸಿನವಳು, ಒಡೆಯದ ಲಕೋಟೆಯ ಅಭ್ಯಾಸ.
ಆದರೂ ಹೋದ ತಿಂಗಳು, ಕೋಲಾರದಲ್ಲಿ,
ಹಳೆ ಪುಸ್ತಕದ ರಾಶಿಯಲ್ಲಿ ಅದೇ ನೀಲಿ ರಟ್ಟು ಕಂಡಾಗ
ಬಸ್ಸು ಬಿಟ್ಟು ನಿಂತೇ ಓದಿದೆ.
ಮೂವತ್ತೆರಡು ಪುಟ.
ಭೂಕಂದಾಯದ ಮೇಲೆ ಉದ್ದದ ವಾದ,
ಒಂದು ಕುಂಟು ನಾಯಿ,
ಗಡ್ಡಕ್ಕೆ ಸೂಪು ಚೆಲ್ಲಿಕೊಳ್ಳುವ ದೊಡ್ಡಪ್ಪ,
ಮತ್ತೆ ಭೂಕಂದಾಯ.
ಅವಳದೊಂದು ಸಾಲು, ಅದೂ ಅರ್ಧ:
ಹಿಮ ಕರಗುವ ಮೊದಲೇ ಹೊರಟುಹೋಗಿದ್ದಳು, ಮಕ್ಕಳು ಎರಡು ದಿನ ಅತ್ತರು.

ಅಂಗಡಿಯವನು ಎಂಬತ್ತು ಅಂದ. ಅರವತ್ತಕ್ಕೂ ಇಳಿದ.
ನಾನು ಅದನ್ನು ಪೊಲೀಸ್ ಪರೀಕ್ಷೆ ಗೈಡುಗಳ ಅಡಿಗೆ,
ಬೆನ್ನು ಕಾಣದ ಹಾಗೆ ತಿರುಗಿಸಿ ಇಟ್ಟು ಬಂದೆ.

ಮುಂದಿನ ಗುರುವಾರ ಮಗು ಗಂಡೋ ಹೆಣ್ಣೋ ಎಂಬಲ್ಲಿಗೆ ಜಗಳ ಬಂದಿತ್ತು.
ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು:
"ನೀವೊಬ್ಬರೇ ಏನೂ ಹೇಳಿಲ್ಲ."
"ಕೈಗವಸು ಸಿಕ್ಕಿತು" ಎಂದೆ.
ರೂಮು ಸುಮ್ಮನಾಯಿತು. ಹೊರಗೆ ಯಾರೋ ಗೂಡಿನ ಕ್ರೇಟು ಎಳೆದರು.
"ಎರಡೂ?" ಖಮರುನ್ನೀಸಾ ಕೇಳಿದಳು.
"ಇಲ್ಲ. ಎಡಗೈಯದು."