ಮೂರನೆಯ ಸಾಲು

ಕೋಸ್ಟರಿಕಾದ ಪತ್ರ ನನ್ನ ಮೇಜಿಗೇ ಬಂತು.
ಹಾಸನದ ಈ ಕ್ಯೂರಿಂಗ್ ವರ್ಕ್ಸಿನಲ್ಲಿ
ಸ್ಪ್ಯಾನಿಷ್ ಬಲ್ಲವಳು ನಾನೊಬ್ಬಳೇ ಎಂದು ನಂಬಿಕೆ.
ಬಲ್ಲೆನೆಂದರೆ, ಕಾನ್ವೆಂಟಿನ ಸಿಸ್ಟರ್ ಒಬ್ಬರು
ಹನ್ನೊಂದು ತಿಂಗಳ ಭಾನುವಾರಗಳಲ್ಲಿ ಕಲಿಸಿ
ವರ್ಗವಾಗಿ ಹೋದರು.
ಭೂತಕಾಲ ಇನ್ನೂ ಬಾಕಿ ಇತ್ತು.

ಹಳೆಯ ಡ್ರೈಯರ್ ಒಂದು ಮಾರಾಟಕ್ಕಿದೆ, ಅದೇ ವಿಷಯ.
ಮೊದಲೆರಡು ಸಾಲು ಬರೀ ಕೈಮುಗಿಯುವ ಮಾತು,
ಮಹನೀಯರೇ, ತಮ್ಮ ಸನ್ನಿಧಿಗೆ, ಇತ್ಯಾದಿ.
ಮೂರನೆಯದು ಚಿಕ್ಕದು:
ಮಾರ್ಚಿನಿಂದ ನಮ್ಮ ಬೆನೆಫೀಸಿಯೊ ನಿಂತಿದೆ.

ಗೊತ್ತಿದ್ದ ಪದ. ಮೋಸ ಮಾಡುವುದು ಗೊತ್ತಿದ್ದ ಪದವೇ;
ಗೊತ್ತಿಲ್ಲದ್ದಾದರೆ ನಿಘಂಟು ತೆಗೆಯುತ್ತಿದ್ದೆ.
'ಮಾರ್ಚಿನಿಂದ ನಮಗೆ ಲಾಭವಿಲ್ಲ' ಎಂದು ಟೈಪು ಮಾಡಿ
ಒಳಗೆ ಕಳಿಸಿದೆ.

ಧರಣೇಂದ್ರಯ್ಯನವರು ಕನ್ನಡಕ ಹಣೆಗೇರಿಸಿದರು.
ಲಾಭವಿಲ್ಲವೆಂದು ತಾನಾಗಿ ಬರೆದುಕೊಡುವ ವ್ಯಾಪಾರಿಯನ್ನು
ನಲವತ್ತು ವರ್ಷದಲ್ಲಿ ಅವರು ಕಂಡಿರಲಿಲ್ಲ.
"ಒಂದೋ ಸಂತ, ಇಲ್ಲಾ ದಿವಾಳಿ.
ಇಬ್ಬರ ಹತ್ತಿರವೂ ಮಷೀನು ತಗೋಬಾರದು.
ಬೇಡ ಅಂತ ಬರೆದುಬಿಡಿ."

ಬರೆಯಲು ಕೂತರೆ ಕೈ ಓಡದು.
ಆ 'ನಿಂತಿದೆ'ಯನ್ನು ಸಿಸ್ಟರ್ ಕಲಿಸಿದ್ದು
ಗಡಿಯಾರಕ್ಕೆ, ಬಸ್ಸಿಗೆ.
ಲಾಭ ಹಾಗೆ ನಿಲ್ಲುತ್ತದೆಯೆ,
ಸಾಲಗಾಮೆ ರಸ್ತೆಯಲ್ಲಿ ಪಂಕ್ಚರಾಗಿ?

ಬೆನ್ನು ಹರಿದ ನಿಘಂಟು, ಸಿಸ್ಟರ್ ಬಿಟ್ಟುಹೋದದ್ದು:
ಒಂದು, ಒಳಿತು. ಎರಡು, ಲಾಭ.
ಮೂರು, ಪಾದ್ರಿಗೆ ಇಗರ್ಜಿ ಕೊಟ್ಟ ಉಂಬಳಿ;
ಅಲ್ಲಿ ಪೆನ್ಸಿಲ್ಲಿನಲ್ಲಿ ಸಿಸ್ಟರದೇ ಒಂದು ಪ್ರಶ್ನೆಚಿಹ್ನೆ.
ನಾಲ್ಕು, ಸಹಾಯಾರ್ಥ ನಾಟಕ.
ಐದು, ಪುಟದ ತಳದಲ್ಲಿ, ಇರುವೆಯಂಥ ಅಕ್ಷರದಲ್ಲಿ:
ಅಮೆರಿಕದ ಕೆಲವೆಡೆ, ಕಾಫಿಯ ಸಿಪ್ಪೆ ಬಿಡಿಸಿ
ತೊಳೆದು ಒಣಗಿಸುವ ಜಾಗ.

ಹೆಚ್ಚುಕಡಿಮೆ ನಮ್ಮಂಥದೇ ಜಾಗ.
ಇಷ್ಟು ವರ್ಷ ನಾನು ಕೂತಿದ್ದೇ ಆ ಪದದೊಳಗೆ,
ಟೈಪ್‌ರೈಟರಿನ ಮೇಲೆ ಅದರ ಹೊಟ್ಟು.

ಒಳಿತಿಗೂ ಕಾರ್ಖಾನೆಗೂ ಒಂದೇ ಹೆಸರಿಟ್ಟವರು ಯಾರು?
ಸಿಟ್ಟು ಬಂತು, ನನ್ನ ತಪ್ಪಿಗೆ ಭಾಷೆಯ ಮೇಲೆ.
ಟೀ ಹೊತ್ತಿಗೆ ಕೆಳಗಿಳಿದೆ.

ಉದ್ದ ಮೇಜಿನ ಎರಡೂ ಬದಿ ಹೆಂಗಸರು
ಕಪ್ಪು ಬೀಜ, ಒಡಕು ಬೀಜ, ಹುಳ ಕೊರೆದದ್ದು
ಎಡಕ್ಕೆ ಎಳೆಯುತ್ತಿದ್ದರು.
ಜವರಮ್ಮ ಎಲ್ಲ ಕೇಳಿಸಿಕೊಂಡಳು, ಕಣ್ಣೆತ್ತದೆ.
"ಅದ್ಕ್ಯಾಕವ್ವ ಅಷ್ಟು ತಲೆಬಿಸಿ?
ನಾವಿಲ್ಲಿ ಮಾಡ್ತಿರೋದೇನು, ಹಸನು.
ನಿನ್ ಮದ್ವೇಲಿ ಅಕ್ಕಿಕಾಳು ಹಾಕ್ತಾ ಏನಂದೆ,
ಬಾಳು ಹಸನಾಗ್ಲಿ ಅಂದೆ.
ಎರಡೂ ಒಂದೇ ಮಾತಲ್ವಾ?
ಕಲ್ಲು ಹೊಟ್ಟು ತೆಗೀದೆ ಯಾವ್ದು ಒಳ್ಳೇದಾಗುತ್ತೆ?"

"ಎರಡನೇ ನಂಬರು ಮಾತ್ರ ಮಾಡಿ ಮೇಲಿನೋರಿಗೆ"
ಎಂದು ಶಮೀಮ್‌ಬಿ ನಕ್ಕಳು.
ಬೆರಳು ಮಾತ್ರ ನಿಲ್ಲಲಿಲ್ಲ, ಯಾರದೂ.

ತಿದ್ದಿದ ಸಾಲು ಒಯ್ದು ಕೊಟ್ಟೆ:
ಮಾರ್ಚಿನಿಂದ ನಮ್ಮ ಸಂಸ್ಕರಣಾ ಘಟಕ ನಿಂತಿದೆ.
ಹಸನು ಎಂದು ಬರೆಯುವ ಧೈರ್ಯ ಬರಲಿಲ್ಲ.
ಧರಣೇಂದ್ರಯ್ಯ ಓದಿದರು, ಇನ್ನೊಮ್ಮೆ ಓದಿದರು.
"ಘಟಕ ನಿಂತ ಮೇಲೆ ಲಾಭ ಎಲ್ಲಿಂದ ಬರುತ್ತೆ?
ನೀವು ಮೊದಲು ಬರೆದದ್ದೂ ಸುಳ್ಳಲ್ಲ ಕಣ್ರೀ.
ಸರಿ, ಅವಸರದಲ್ಲಿದ್ದಾನೆ.
ಮೂರರಲ್ಲೊಂದು ಭಾಗ ಕಮ್ಮಿ ಮಾಡಿಕೊಡಲಿ."

ಅದನ್ನೇ ಬರೆದೆ, ಮಹನೀಯರೇ, ತಮ್ಮ ಸನ್ನಿಧಿಗೆ.
ಸಹಿಯಾಗಿ ಬಂದ ಮೇಲೆ
ಕಾಗದದ ಕೆಳಗೆ ಒಂದು ಬೆರಳಷ್ಟು ಜಾಗ ಉಳಿದಿತ್ತು.
ಅಲ್ಲೂ ಒಂದು ಉದ್ದ ಮೇಜು ಇದ್ದಿರಬೇಕು.
ಮಾರ್ಚಿನ ಆಮೇಲೆ ಅವರೆಲ್ಲ ಏನಾದರು
ಎಂದು ಕೇಳಬೇಕಿತ್ತು; ಅದಕ್ಕೆ ಬೇಕಾದ
ಭೂತಕಾಲ ನನಗೆ ಬರುವುದಿಲ್ಲ.

ವರ್ತಮಾನದಲ್ಲೇ ಟೈಪು ಮಾಡಿದೆ:
ಬೀಜ ಆರಿಸುವ ಹೆಂಗಸರು ಎಲ್ಲಿದ್ದಾರೆ?

ಅಂಚೆಯವನು ಮೂರಕ್ಕೆ ಬಂದು ತೆಗೆದುಕೊಂಡು ಹೋದ.